ಸಮುದ್ರವಿಲ್ಲದ ದೇಶಕ್ಕೆ ಟಾರ್ಪಿಡೊ

ಮಗಳ ಹಲ್ಲು ತೋರಿಸಲು ಹೋಗಿದ್ದೆ. ಸರದಿ ಬರುವವರೆಗೆ ಅವಳ ಸ್ವೆಟರಿಗೆ ಗುಂಡಿ ಹಚ್ಚುತ್ತ ಕುಳಿತಿದ್ದಾಗ ಎದುರು ಬೆಂಚಿನ ಗಂಡಹೆಂಡತಿಯ ಮಾತು ಕಿವಿಗೆ ಬಿತ್ತು. ಗಂಡನ ಕೆನ್ನೆ ಊದಿತ್ತು. ತೊಡೆಯ ಮೇಲೊಂದು ಫೈಲಿತ್ತು.

"ರೀ, ಇಲ್ಲಿಗೂ ಆಫೀಸು ಹೊತ್ಕೊಂಡು ಬಂದ್ರಾ?"

"ಸಂಜೆಯೊಳಗೆ ಸಹಿ ಹಾಕ್ಬೇಕು ಕಣೇ. ನಮ್ಮ ಕಂಪನಿಯ ಇನ್ನೂರು ಟಾರ್ಪಿಡೊ ಹೊರದೇಶಕ್ಕೆ ಹೋಗ್ತಿವೆ. ಸ್ವಂತ ಬಳಕೆಗೇ, ಬೇರೆಯವರಿಗೆ ಕೊಡಲ್ಲ ಅಂತ ಆ ದೇಶದವರು ಬರ್ಕೊಟ್ಟಿದ್ದಾರೆ. ಅದು ನಿಜ ಅಂತ ನಾನು ಸಹಿ ಹಾಕ್ಬೇಕು."

"ಟಾರ್ಪಿಡೊ ಅಂದ್ರೆ ನೀರೊಳಗೆ ಹೋಗಿ ಹಡಗು ಮುಳುಗಿಸೋದಾ?"

"ಹೂಂ. ಆದ್ರೆ ಆ ದೇಶಕ್ಕೆ ಸಮುದ್ರವೇ ಇಲ್ಲ."

"ಅಯ್ಯೋ! ಸಾಹೇಬರಿಗೆ ಹೇಳಿದ್ರಾ?"

"ಹೇಳ್ದೆ. 'ಕೆರೆ ಇರಬಹುದು ಕಣಯ್ಯ' ಅಂದ್ರು."

"ಕೆರೇಲಿ ಯಾರ ಮೇಲೆ ಯುದ್ಧ, ಕಪ್ಪೆಗಳ ಮೇಲಾ?"

"ನಗಿಸ್ಬೇಡ, ಹಲ್ಲು ನೋಯುತ್ತೆ. ಅವರ ಪಕ್ಕದ ದೇಶಕ್ಕೆ ದಾಟಿಸ್ತಾರೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿಯವರು ಮೀನುಗಾರರ ದೋಣೀನೂ ಬಿಡಲ್ಲ. ಸಹಿ ಹಾಕದಿದ್ರೆ ನನ್ನ ಕುರ್ಚಿ ಹೋಗುತ್ತೆ."

ಅಷ್ಟರಲ್ಲಿ ನರ್ಸ್ ಹಲ್ಲು ಕೀಳುವ ಒಪ್ಪಿಗೆ ಪತ್ರ ತಂದು, "ಇಲ್ಲೊಂದು ಸಹಿ ಹಾಕಿ" ಎಂದಳು. ಅವರು ಕನ್ನಡಕ ಏರಿಸಿ ಮೊದಲಿನಿಂದ ಓದತೊಡಗಿದರು.

"ಬೇಗ ಹಾಕ್ರೀ."

"ಯಾವ ಹಲ್ಲು ಅಂತ ಬರೆದೇ ಇಲ್ಲ! ಒಳ್ಳೇ ಹಲ್ಲು ಕಿತ್ತುಬಿಟ್ರೆ?"

"ಒಂದು ಹಲ್ಲಿಗೆ ಇಷ್ಟೊಂದು ವಿಚಾರಣೆ!" ಎಂದ ಹೆಂಡತಿ ಫೈಲನ್ನೇ ನೋಡಿದಳು.

ನರ್ಸ್ ಯಾವ ಹಲ್ಲೆಂದು ಬರೆದುಕೊಟ್ಟ ಮೇಲೆ ಅವರು ಸಹಿ ಹಾಕಿ, ಪೆನ್ನನ್ನು ಹೆಂಡತಿಯ ಚೀಲದ ತಳಕ್ಕೆ ತುರುಕಿದರು.

"ಇದು ನಿನ್ನ ಹತ್ತಿರಾನೇ ಇರ್ಲಿ. ಸಂಜೆ ನಾನೇ ಕೇಳಿದ್ರೂ ಕೊಡ್ಬೇಡ" ಎನ್ನುತ್ತ ಒಳಗೆ ನಡೆದರು.