ಪಕ್ಕದ ಮನೆಯ ಉದಾಹರಣೆ

ಬಸ್ಸಿನಲ್ಲಿ ಮುಂದಿನ ಸೀಟಿನ ತಾಯಿ ಮಗಳನ್ನು ಗದರಿಸಿ ಕೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತಿದ್ದ, ಕದ್ದು ಕೇಳುವ ಚಟವಿಲ್ಲದ ದರ್ಜಿಯ ಕಿವಿಯೂ ನಿಮಿರಿತು.

“ಸಮಾಜಕಾರ್ಯ ಓದೋಕೂ ಇಂಟರ್‌ವ್ಯೂನಾ? ಏನ್ ಕೇಳಿದ್ರು?”

“ಈ ಓದೇ ಯಾಕೆ, ಕಣ್ಣಾರೆ ಕಂಡಿದ್ದೊಂದು ಉದಾಹರಣೆ ಕೊಡು ಅಂದ್ರಮ್ಮ.”

“ನಮ್ಮನೆ ವಿಷಯ ಬಾಯ್ಬಿಟ್ಯಾ?”

“ಇಲ್ಲ. ಪಕ್ಕದ್ಮನೆ ಅಂದೆ.”

“ಅಲ್ಲೇನಿದೆ? ಗಂಡ ಹೆಂಡ್ತಿ ಹಾಲು ಜೇನಿನ ಹಾಗಿದ್ದಾರೆ.”

“ಆ ಮನೆಯಾಕೆ ಪದೇ ಪದೇ ಬಚ್ಚಲಲ್ಲಿ ಜಾರಿ ಬೀಳ್ತಾರೆ ಅಂದೆ.”

ತಾಯಿ ರವಿಕೆಯ ತೋಳನ್ನು ಕೆಳಗೆಳೆದುಕೊಂಡಳು. ಈ ಸೆಖೆಯಲ್ಲೂ ಮಣಿಕಟ್ಟಿನವರೆಗೆ ಹೊಲಿಸಿದ ತೋಳು ದರ್ಜಿಗೆ ಆಗಲೇ ವಿಚಿತ್ರವೆನಿಸಿತ್ತು.

“ಹೆಸರು ಕೇಳಿದ್ರಾ?”

“ಹೆಸರು ಹೇಳ್ಬಾರ್ದು ಅನ್ನೋದೇ ಅಲ್ಲಿ ಮೊದಲ್ನೇ ಪಾಠವಂತೆ.”

“ನಿಜವಾಗ್ಲೂ?”

“ನಿನ್ನಾಣೆ.”

ಬಸ್ಸು ನಿಂತಿತು. ಇಳಿಯುವ ಮೆಟ್ಟಿಲ ಮೇಲೆ ತಾಯಿ ದನಿ ತಗ್ಗಿಸಿದಳು.

“ಮತ್ತೆ... ಆ ಪಕ್ಕದ್ಮನೆಯವಳು ಏನ್ ಮಾಡ್ಬೇಕಂತೆ?”