ಬಿಳಿ ಮೇಷ್ಟ್ರು ಹೇಳುತ್ತಿದ್ದ ಜೋಕುಗಳು

ವೇದಿಕೆಯ ಮೇಲಿರುವ ಹಿರಿಯರೇ, ಮ್ಯೂಸಿಯಮ್ಮಿನ ನಿರ್ದೇಶಕರೇ, ಮುಂದಿನ ಸಾಲಿನಲ್ಲಿ ಕೂತಿರುವ, ಮೇಷ್ಟ್ರ ಮನೆಯವರಾದ ನಮ್ಮ ಅಕ್ಕ, ಅವರ ಪಕ್ಕದಲ್ಲಿರುವ ಮಗಳೇ, ಬಿಳಿ ಮೇಷ್ಟ್ರ ಮೇಲಿನ ಪ್ರೀತಿಯಿಂದ ಬಂದಿರುವ ಎಲ್ಲರಿಗೂ ಕೈಮುಗಿಯುತ್ತೇನೆ.

ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಮಾಡುವ ಕೆಲಸ ಚಿತ್ರಕ್ಕೆ ಚೌಕಟ್ಟು ಕಟ್ಟುವುದು. ಮೇಷ್ಟ್ರದೂ ನನ್ನದೂ ಒಂದೇ ಶೆಡ್ಡು. ನಡುವೆ ಒಂದು ಹಲಗೆಯ ಗೋಡೆ — ಆ ಕಡೆ ಅವರ ಬಣ್ಣ, ಈ ಕಡೆ ನನ್ನ ಗರಗಸ. "ನಿನ್ನ ಮರದ ಪುಡಿ ಬಂದು ನನ್ನ ಆಕಾಶದ ತುಂಬಾ ಕೂತಿದೆಯಲ್ಲಮ್ಮಾ" ಎಂದು ಅವರು ಬೈಯುವುದು, "ಆಕಾಶ ಅಂದ್ಮೇಲೆ ಧೂಳು ಇರುತ್ತೆ, ಸುಮ್ನೆ ಚಿತ್ರ ಬಿಡ್ಸಿ ಮೇಷ್ಟ್ರೇ" ಎಂದು ನಾನು. ಹೀಗೆ ಜಗಳವಾಡಿಕೊಂಡೇ ಇಷ್ಟು ವರ್ಷ ಒಂದು ಸೂರಿನಡಿ ದುಡಿದೆವು.

ಅವರ ಗುಣಗಾನ ಮಾಡಿ ಇಳಿದು ಹೋಗೋಣ ಎಂದೇ ಹತ್ತಿ ಬಂದೆ. ಆದರೆ ಈಗಷ್ಟೇ ನಿರ್ದೇಶಕರು ಒಂದು ಮಾತು ಹೇಳಿದರು. ಪ್ರದರ್ಶನದ ಕೊನೆಯ ದಿನ, ಮೇಷ್ಟ್ರು ಅರ್ಧಕ್ಕೆ ಬಿಟ್ಟುಹೋದ ಚಿತ್ರವನ್ನು ಮಗಳು ಎಲ್ಲರ ಎದುರಿಗೆ ಕೂತು ಮುಗಿಸುತ್ತಾಳೆ — ಅವರದೇ ಕುಂಚದಿಂದ, ಅವರೇ ಅರೆದಿಟ್ಟ ಬಿಳಿ ಬಣ್ಣದಿಂದ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆ ಕೇಳಿ — ಕ್ಷಮಿಸಿ — ಆ ಗುಣಗಾನವನ್ನು ಅಲ್ಲಿಗೇ ಕೈಬಿಟ್ಟೆ.

ಆ ಬಿಳಿ ಯಾವುದು ಎಂದು ಹೇಳುತ್ತೇನೆ. ಅದು ಸೀಸದ ಬಿಳಿ. ಮೇಷ್ಟ್ರು ಪುಡಿ ತರಿಸಿ, ಎಣ್ಣೆ ಬಿಟ್ಟು, ಕಲ್ಲಿನ ಮೇಲೆ ತಾವೇ ಅರೆಯುತ್ತಿದ್ದರು. ಬೆಣ್ಣೆಯ ಹಾಗೆ ಬರುತ್ತಿತ್ತು. ಅಂಗಡಿಯಲ್ಲಿ ಸಿಗುವ ಬೇರೆ ಬಿಳಿಯನ್ನು ತೋರಿಸಿದರೆ, "ಅದು ಗೋಡೆಗೆ, ಇದು ಮುಖಕ್ಕೆ" ಎನ್ನುತ್ತಿದ್ದರು. ಆದರೆ ಸೀಸ ವಿಷ. ಅದರ ಮೇಲೆ ಅವರಿಗೊಂದು ಚಾಳಿ — ಕುಂಚದ ತುದಿ ಚೂಪಾಗಲಿ ಎಂದು ತುಟಿಗಳ ನಡುವೆ ಇಟ್ಟು ಹೀಗೆ — ಹೀಗೆ ಎಳೆಯುವುದು. ದಿನಕ್ಕೆ ಎಷ್ಟು ಸಲವೋ, ಎಷ್ಟು ವರ್ಷವೋ.

ಚಿತ್ರ ಬರೆಯುವವರ ಪಾಡು ನೋಡಿ. ಮುಗಿಸಿದ ಚಿತ್ರ ಯಾರದೋ ಮನೆ ಸೇರುತ್ತದೆ, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಅವರ ಬದುಕಿನ ಚಿತ್ರಗಳನ್ನೆಲ್ಲ ಊರೂರಿನಿಂದ ತರಿಸಿ, ವರ್ಷದ ಪ್ರಕಾರ ಸಾಲಾಗಿ ತೂಗುಹಾಕಿದ್ದು ಈ ಮ್ಯೂಸಿಯಂ. ಆ ಪುಣ್ಯ ಇವರದು. ಬಾಗಿಲು ತೆರೆಯುವ ಹಿಂದಿನ ದಿನ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಮೊದಲ ಕೋಣೆಯಲ್ಲಿ ಗೆರೆಗಳು ಬಿಗಿದ ತಂತಿಯ ಹಾಗಿದ್ದವು. ಎರಡನೆಯದರಲ್ಲೂ ಹಾಗೆಯೇ. ಮೂರನೆಯ ಕೋಣೆಯ ನಡುವೆ ಅವರು ನಿಂತುಬಿಟ್ಟರು. ಅಲ್ಲಿಂದ ಮುಂದೆ ಗೆರೆ ನಡುಗುತ್ತಿತ್ತು — ಮೊದಮೊದಲು ತುದಿಯಲ್ಲಿ, ಆಮೇಲೆ ಉದ್ದಕ್ಕೂ. ಪಕ್ಕದ ಫಲಕದಲ್ಲಿ ಚೆಂದದ ಅಕ್ಷರಗಳಲ್ಲಿ ಬರೆದಿತ್ತು: 'ಕಂಪನದ ಪರ್ವ'. ಮೇಷ್ಟ್ರು ಓದಿ ನಕ್ಕರು. "ನೋಡಮ್ಮಾ, ನೀನು ನನ್ನ ಚಿತ್ರಕ್ಕೆ ಚೌಕಟ್ಟು ಹಾಕ್ತೀಯ. ಇವರು ನನ್ನ ಕಾಯಿಲೆಗೇ ಹಾಕಿಬಿಟ್ಟಿದ್ದಾರೆ!"

ನಗು ಅಲ್ಲಿಗೇ ನಿಂತಿತು. ಕೈನಡುಕಕ್ಕೆ ಸೀಸವೇ ಕಾರಣವೆಂದು ಡಾಕ್ಟರು ಹೇಳಿ ಬಹಳ ಕಾಲವಾಗಿತ್ತು. ಆದರೆ ಅದು ಶುರುವಾದದ್ದು ಯಾವಾಗ ಎಂದು ಅವರಿಗೆ ಗೊತ್ತಿರಲಿಲ್ಲ. ಈಗ ಗೋಡೆಯೇ ಹೇಳಿತು. ಚಿತ್ರದ ಕೆಳಗಿದ್ದ ವರ್ಷ ನೋಡಿ ಬೆರಳು ಮಡಚಿದರು. "ಆಗ ನನಗೆ ಎಷ್ಟು ವಯಸ್ಸೋ, ಈಗ ಮಗಳಿಗೂ ಅಷ್ಟೇ ಕಣಮ್ಮಾ."

ಮಗಳು ಅದೇ ಕೋಣೆಯ ಮೂಲೆಯಲ್ಲಿದ್ದಳು. ದಾರಿಯಲ್ಲಿ ತರಚಿದ್ದ ಒಂದು ಚಿತ್ರದ ಅಂಚನ್ನು ಅಪ್ಪನ ಬಿಳಿಯಿಂದ ತಿದ್ದುತ್ತಿದ್ದಳು. ನಾವು ನೋಡುತ್ತಿದ್ದ ಹಾಗೆಯೇ ಕುಂಚವನ್ನು ಬಟ್ಟೆಗೆ ಒರೆಸಿ, ತುಟಿಗಿಟ್ಟು — ಹೀಗೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ಇಲ್ಲಿ ತಂದೆಯಂತೆ ಮಗಳು.

ಮಾರನೆಯ ದಿನದಿಂದ ಮೇಷ್ಟ್ರು ಜೋಕು ಹೇಳತೊಡಗಿದರು. ನಿಮಗೇ ಗೊತ್ತು, ಅವರು ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವಂಥವರು. ಅಂಥವರು ಊಟಕ್ಕೆ ಕೂತರೆ ಒಂದು ಜೋಕು, ಎದ್ದರೆ ಒಂದು. ಅಕ್ಕ ನನ್ನ ಬಳಿ ಬಂದು, "ಪ್ರದರ್ಶನ ಶುರುವಾದ್ಮೇಲೆ ಇವರಿಗೆ ಎಳೆತನ ಬಂದುಬಿಟ್ಟಿದೆ ಕಣೇ, ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತಾರೆ" ಎಂದು ಹಿಗ್ಗಿದರು. ಅಕ್ಕಾ — ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಹಲಗೆಯ ಈ ಕಡೆ ನನಗೆ ಎಲ್ಲ ಕೇಳಿಸುತ್ತಿತ್ತು. "ಒಬ್ಬ ಬೋಳುತಲೆಯವನು ಬಾಚಣಿಗೆ ಕೊಳ್ಳೋಕೆ ಹೋದನಂತೆ..."

"ಅಪ್ಪಾ, ಇದನ್ನ ನಿನ್ನೇನೂ ಹೇಳಿದ್ದೆ."

"ನಿನ್ನೆ ನೀನು ಸರಿಯಾಗಿ ನಗಲಿಲ್ಲ. ಬಾಯಿ ಬಿಟ್ಟು ನಗು."

ಒಂದು ದಿನ ತಡೆಯಲಾರದೆ ಕೇಳಿದೆ, "ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಇದೇನು ಹುಚ್ಚು?" ಅವರು ತಮ್ಮ ಕೆಳದುಟಿಯನ್ನು ಬೆರಳಿನಿಂದ ಹೀಗೆ ಮಡಚಿ ತೋರಿಸಿದರು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ನೀಲಿ ಗೆರೆ.

"ಸೀಸ ಒಳಗೆ ಇಳಿದವರಿಗೆ ಇದು ಬರುತ್ತಮ್ಮಾ. ಅವಳು ನಕ್ಕಾಗ ನೋಡ್ತಾ ಇದೀನಿ."

ದೇವರೇ — ಅಪ್ಪ ಮಗಳನ್ನು ನಗಿಸುತ್ತಿದ್ದದ್ದು ಅದಕ್ಕೆ.

"ಬಂದಿದೆಯಾ?" ಎಂದೆ.

"ಮೇಲ್ಗಡೆ ಇಲ್ಲ. ಕೆಳಗಿನ ಒಸಡು ಕಾಣಿಸ್ತಿಲ್ಲ. ಅಷ್ಟು ನಗು ಬರಿಸೋ ಜೋಕು ನನಗೆ ಗೊತ್ತಿಲ್ವಲ್ಲಮ್ಮಾ."

"ತೋರಿಸು ಅಂತ ಕೇಳಬಾರದಾ? ರಕ್ತ ಪರೀಕ್ಷೆ ಮಾಡಿಸಬಾರದಾ?"

"ಕೇಳದೆ ಇರ್ತೀನಾ? 'ನಿನಗಾದದ್ದೆಲ್ಲ ನನಗೂ ಆಗಬೇಕಾ, ಸುಮ್ನಿರಪ್ಪಾ' ಅಂತಾಳೆ. ಆ ಬಿಳಿ ಬಿಟ್ಟುಬಿಡು ಅಂದ್ರೆ, 'ನೀನು ಬಿಟ್ಯಾ?' ಅಂತಾಳೆ. ಏನು ಹೇಳಲಿ?"

ಆಮೇಲೊಂದು ದಿನದಿಂದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದಳು. ಅಪ್ಪನ ಗುಟ್ಟು ಅವಳಿಗೆ ತಿಳಿದುಹೋಗಿತ್ತು. ಕನ್ನಡಿಯಲ್ಲಿ ಏನು ಕಂಡಳೋ, ಏನೂ ಕಾಣಲಿಲ್ಲವೋ — ಅವಳಿಗೆ ಗೊತ್ತು, ಮೇಲಿರುವವನಿಗೆ ಗೊತ್ತು. ಮೇಷ್ಟ್ರ ಜೋಕು ನಿಂತವು. ಹಾಸಿಗೆ ಹಿಡಿದರು. ಮೂತ್ರಪಿಂಡ ಎರಡೂ ಕೈಕೊಟ್ಟಿವೆ ಎಂದರು ಆಸ್ಪತ್ರೆಯಲ್ಲಿ.

ಅಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡು ಹೇಳಿದರು: "ನಾನು ಹೇಳಿದ್ರೆ ಮುದುಕನ ಭಯ ಅನ್ಕೊತಾಳೆ. ನೀನು ಹತ್ತು ಜನರ ಮುಂದೆ ಹೇಳು. ಮರ್ಯಾದೆಗಾದ್ರೂ ಕೇಳ್ತಾಳೆ." ಹೇಗೆ ಹೇಳಲಿ, ಎಲ್ಲಿ ಹೇಳಲಿ ಎಂದು ನಾನು ದೇವರ ಮುಂದೆ ಕೂತು ಕೇಳಿದ್ದೇನೆ. ನಿಮ್ಮ ಚಪ್ಪಾಳೆ ಕೇಳಿದಾಗ, ಇಲ್ಲೇ, ಈಗಲೇ ಎಂದು ಗೊತ್ತಾಯಿತು.

ನಿರ್ದೇಶಕರೇ, ನಿಮ್ಮ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಚಿತ್ರ ಅರ್ಧವೇ ಇರಲಿ. ಅರ್ಧ ಚಿತ್ರಕ್ಕೂ ನಾನು ಪೂರಾ ಚೌಕಟ್ಟು ಕಟ್ಟಿಕೊಡುತ್ತೇನೆ. ಆ ಬಿಳಿಯ ಡಬ್ಬಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಜನ ಹೊರಗಿನಿಂದ ನೋಡಲಿ.

ಮಗಳೇ, ದೇವರು ನಿನಗೆ ಕಲೆ ಕೊಟ್ಟ. ನಿಜ. ಕೈಯನ್ನೂ ಅವನೇ ಕೊಟ್ಟದ್ದು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಾನು ಜೊತೆಗೆ ಬರುತ್ತೇನೆ. ಬೈಯುವುದಿದ್ದರೆ ದಾರಿಯುದ್ದಕ್ಕೂ ಬೈ.

ನಾನು ಇಷ್ಟು ಹೇಳುವಷ್ಟು ಹೊತ್ತೂ ಅವಳ ಕೈ ಬಾಯಿಯ ಮೇಲೇ ಇದೆ. ಅಳು ತಡೆಯುತ್ತಿದ್ದಾಳೆ ಎಂದು ನೀವು ಅಂದುಕೊಂಡಿರುತ್ತೀರಿ. ಇರಬಹುದು. ಅಷ್ಟೇ ಆಗಿರಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಕ್ಕಾ, ನಿಧಾನ. ಮೇಷ್ಟ್ರ ಆತ್ಮಕ್ಕೆ ನೆಮ್ಮದಿ ಸಿಗಲಿ ಎಂದು ಮೌನವಾಗಿ ಪ್ರಾರ್ಥಿಸೋಣ. ಕೈಗಳನ್ನು ಕೆಳಗೆ ಬಿಟ್ಟು, ನೆಟ್ಟಗೆ ನಿಲ್ಲೋಣ —

ನೀನೂ, ಮಗಳೇ. ಕೈ ಕೆಳಗಿಳಿಸು.