ಮಂಚದ ಮ್ಯಾಲಿನ ಹಸ್ರು ಕಾರ್ಡು

…ಹಂಗಲ್ಲ ಮುನೆಮ್ಮಕ್ಕ, ಪೂರ್ತಿ ಕೇಳು! ಯಾರೂ ಕದ್ದಿಲ್ಲ, ಶೀಟೆಲ್ಲಾ ಲಾಡ್ಜ್‌ನಾಗೇ ಅವೆ. ಒಗೆಯೋ ಗಂಟು ಇಷ್ಟೇ ಇಷ್ಟು ಯಾಕ್ ಬಂದೈತೆ ಅಂದ್ರೆ… ಇನ್ಮ್ಯಾಲೆ ದಿನಾ ಒಗೆಯೋ ಹಂಗಿಲ್ಲ! ಒಂದೊಂದು ರೂಮ್‌ನಾಗೂ ಮಂಚದ ಮ್ಯಾಲೆ ಹಸ್ರು ಕಾರ್ಡು ಇಟ್ಟವ್ರೆ. 'ನೀರು ಉಳ್ಸಿ, ಭೂಮಿ ಉಳ್ಸಿ' ಅಂತ. ಗೆಸ್ಟು ಆ ಕಾರ್ಡು ಎತ್ತಿ ದಿಂಬಿನ ಮ್ಯಾಲಿಟ್ರೆ ಮಾತ್ರ ಶೀಟು, ಟವಲ್ಲು ಒಗೆಯಾಕೆ. ಇಲ್ದಿದ್ರೆ ಅದ್ರಾಗೇ ಮಲ್ಕೋ! ಇಡೀ ಹಿಂದೂಪುರದಾಗೆ ಇನ್ಯಾರೂ ಮಾಡಿಲ್ಲ ಕಣಕ್ಕ!

ಯಾಕ್ ನಗ್ತೀಯ? ಓ… ನಗ್ಲಿಲ್ವಾ? ಹೊಗೆಗೆ ಕಣ್ಣು ಕಿವುಚ್ದ್ಯಾ? ಸರಿ, ಸರಿ. ಇಸ್ತ್ರಿಪೆಟ್ಟಿಗೇಗೆ ಕೆಂಡ ಜಾಸ್ತಿ ಆಗೈತೆ ನೋಡು.

ನೀನು ದಿನಾ ನಲವತ್ತು ಶೀಟು ಒಗೀತಿದ್ದೆ, ಈಗ ಆರು. ಶೀಟಿನ ಲೆಕ್ಕದಾಗೆ ಕಾಸು ಕಮ್ಮಿ ಆಯ್ತದೆ, ಆದ್ರೆ… ಕೈಗೆ ರೆಸ್ಟು! ಒಗೆಯೋ ಸೋಡಾಕ್ಕೆ ಬೆರಳೆಲ್ಲಾ ಸೀಳೋಗ್ತವೆ ಅಂತ ನೀನೇ ಅಂತಿದ್ದೆ. ಅಂತಿರ್ಲಿಲ್ವಾ?

ಉಳಿದ ನೀರಾ? ಅದು… ಮುಂದ್ಗಡೆ ಹೊಸ್ದಾಗಿ ಹುಲ್ಲು ಹಾಸವ್ರಲ್ಲ, ಅದಕ್ಕೆ ಎಲ್ಡೊತ್ತೂ ಪೈಪ್ ಬಿಡ್ತಾರೆ. ಹಂಗ್ ನೋಡ್ಬ್ಯಾಡಕ್ಕ. ನಂಗೂ ಗೊತ್ತು.

ಯಾರ್ದು ಐಡಿಯಾನಾ? ಯಾರ್ದೋ… ಓನರ್ ಶಂಕರಯ್ಯನೋರ್ದೇ ಇರ್ಬೇಕು. ಮೀಟಿಂಗ್‌ನಾಗೆ ನನ್ ಬೆನ್ನು ತಟ್ಟಿ 'ಶಭಾಷ್ ರಾ ಅಂಜೀ, ಭಲೇ ಚೆಪ್ಪಿನಾವ್, ಒಳ್ಳೇ ಮಾತು ಹೇಳ್ದೆ' ಅಂದ್ಬುಟ್ರು… ಅಂದ್ರೆ… ಎಲ್ಲಾರ್ಗೂ ಅಂದ್ರು. ಎಲ್ಲಾರ್ಗೂನೂ!

ಬಿರ್ನೆ ಇಸ್ತ್ರಿ ಮಾಡಕ್ಕ ನನ್ ಆ ಹೊಸಾ ಶರ್ಟು, ಕಲ್ಯಾಣದುರ್ಗದ ಬಸ್ಸು ಹೊಂಟೋಯ್ತದೆ. ಟ್ರೈನಿಂಗು, ಇನ್ನೇನಿಲ್ಲ. ಅಲ್ಲೂ ನಮ್ ಓನರ್ದೇ ಒಂದು ಲಾಡ್ಜ್ ಐತಲ್ಲ… ನಿನ್ ತಮ್ಮ ದಾಸಣ್ಣ ಬಟ್ಟೆ ಒಗೀತಾನಲ್ಲ, ಅಲ್ಲಿಗೇ. ಅವಂಗೇನಾರ ಹೇಳ್ಬೇಕಾ? ಚೆನ್ನಾಗವ್ಳೆ ನಿಮ್ಮಕ್ಕ ಅಂತೀನಿ. ಆಯ್ತಾ?

ಏನಕ್ಕ… ಜೇಬಿನ ಮ್ಯಾಲಿನ ಅಕ್ಷರ ಯಾಕ್ ಹಂಗ್ ಸವರ್ತೀಯ? ನಿಂಗೆ ತೆಲುಗು ಓದಾಕೆ ಬತ್ತದಾ? ಬರಲ್ಲ ಅಂದ್ಕಂಡಿದ್ದೆ.

…ಹ್ಞೂಂ. 'ಸೂಪರ್‌ವೈಸರ್' ಅಂತಾನೇ ಹೊಲ್ಸವ್ರೆ. ಟ್ರೈನಿಂಗಲ್ಲ. ಅಲ್ಲೂ ಕಾರ್ಡು ಇಡಾಕೆ ಹೋಯ್ತೀನಿ. ಈ ಬ್ಯಾಗ್‌ನಾಗೇ ಅವೆ, ಎಲ್ಲಾ ರೂಮಿಗೂ ಆಗೋವಷ್ಟು.

ಬೈಯಕ್ಕ! 'ಇವ್ನು ನಮ್ ಹುಡ್ಗ, ಒಂದ್ ಕೆಲ್ಸ ಕೊಡ್ರಿ' ಅಂತ ಓನರ್ ಮುಂದೆ ಕೈ ಮುಗ್ದು ನಿಂತೋಳು ನೀನು… ಮಂಚದ ಕೆಳ್ಗೆ ಕಸ ಗುಡಿಸ್ತಿದ್ದೆ, ಈ ಕಾರ್ಡಿನ ಐಡಿಯಾ ತಲೇಗೆ ಹೊಳೀತು, ಓಡೋಗಿ ಹೇಳ್ಬುಟ್ಟೆ. ನೀರು ಉಳೀತದಲ್ಲಾ ಅಂತ, ಅಷ್ಟೇ ಕಣಕ್ಕ! ನಿನ್ ನೆಪ್ಪೇ ಆಗ್ಲಿಲ್ಲ…

ಪೆಟ್ಟಿಗೆ ಯಾಕ್ ಕೆಳಗಿಟ್ಟೆ?

…ನೆಪ್ಪಾಯ್ತಕ್ಕ. ಓನರ್ ಬಾಗ್ಲು ತಾವ ನಿಂತಾಗ ನೆಪ್ಪಾಯ್ತು. ಆದ್ರೂ ಒಳಗೋಗಿ ಹೇಳ್ದೆ.

ಅಕ್ಕ… ಕಾಲರ್ ಆಯ್ತಲ್ಲ, ಮತ್ತೆ ಯಾಕ್ ತೀಡ್ತೀಯ? ಸಾಕು, ಹಂಗೇ ಕೊಡು. ಮಡಚ್ಬ್ಯಾಡ… ಅಷ್ಟ್ ನೀಟಾಗಿ ಮಡಚ್ಬ್ಯಾಡಕ್ಕ…